ಕಾಯುವುದೆಲ್ಲ ತಾಳ್ಮೆಯೇ?



ಆಪಲ್ ಕಂಪನಿಯ ಹೊಸ ಎಂ1 ಚಿಪ್‌ನ ಕಂಪ್ಯೂಟರ್‌ಗಳು ಬಂದದ್ದು 2020ರ ನವೆಂಬರ್‌ನಲ್ಲಿ. ಸಂಗೀತಗಾರರು ಬಳಸುವ ಏಬಲ್‌ಟನ್ ಲೈವ್ ತಂತ್ರಾಂಶ ಅದಕ್ಕೆ ಪೂರ್ತಿ ಒಗ್ಗಿದ್ದು 2022ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ರೊಸೆಟ್ಟಾ 2 ಎಂಬ ಅನುವಾದಕದ ಮೂಲಕ ಹಳೆಯ ತಂತ್ರಾಂಶವೇ ನಡೆಯಿತು. ವೇಗ ಕೊಂಚ ಕಡಿಮೆ, ಆದರೆ ಕೆಲಸ ನಿಲ್ಲಲಿಲ್ಲ.

ನಮ್ಮ ಹೆಗ್ಗನಹಳ್ಳಿಯ ಹುಡುಗನೊಬ್ಬ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತಾನೆ. ಅವನ ಅಜ್ಜಿಗೆ ಸೋಬಾನೆ ಪದಗಳು ಬಾಯಿಗೆ ಬರುತ್ತವೆ. ವಯಸ್ಸು ಎಂಬತ್ತು ದಾಟಿದೆ. "ಹೊಸ ಕಂಪ್ಯೂಟರ್‌ಗೆ ಎಲ್ಲ ಪ್ಲಗಿನ್ ಬರಲಿ ಸರ್, ಆಮೇಲೆ ಅಜ್ಜಿ ಹಾಡು" ಅನ್ನುತ್ತಾನೆ.

ಇದು ಖಂತಿಯೇ? ತಂತ್ರಾಂಶ ಬರೆಯುವುದು ಅವನ ಕೈಯಲ್ಲಿಲ್ಲ. ಅದಕ್ಕೆ ಸಿಡುಕದೆ ಇರುವುದು ತಾಳ್ಮೆ. ಮೊಬೈಲ್‌ನಲ್ಲಾದರೂ ಅಜ್ಜಿಯ ದನಿ ಹಿಡಿದಿಡುವುದು ಅವನ ಕೈಯಲ್ಲಿದೆ. ಅದನ್ನೂ ಮುಂದೂಡಿದರೆ ಆಲಸ್ಯ.

ನಾವು ಕಾಯುತ್ತಿರುವಾಗ ನಮಗಾಗಿ ಕಾಯಲಾರದವರು ಯಾರಿದ್ದಾರೆ? ಇಂದು ಯೋಚಿಸೋಣ.