ವಾಸಿಯಾಗದ ವ್ಯಾಧಿ, ಮುಗಿಯದ ಧರ್ಮ

ಗುಣಪಡಿಸಲಾಗದ ರೋಗಿಯ ಬಳಿ ವೈದ್ಯನಿಗೇನು ಕೆಲಸ? ಚರಕಸಂಹಿತೆಯು ಅಸಾಧ್ಯ ವ್ಯಾಧಿಗಳಲ್ಲಿಯೂ ‘ಯಾಪ್ಯ’ವೆಂಬ ವರ್ಗವನ್ನು ಹೇಳುತ್ತದೆ: ಬೇರುಸಹಿತ ನೀಗದು, ಆದರೆ ಪಥ್ಯೋಪಚಾರಗಳಿಂದ ಬಾಳನ್ನು ಸಾಗಿಸಬಹುದು. ಮಧುಮೇಹ, ಉಬ್ಬಸ, ಸಂಧಿವಾತಗಳು ಬಹುಮಟ್ಟಿಗೆ ಇಂಥವು. ಇವುಗಳಿಗೆ ಔಷಧದೊಡನೆ ದಿನದಿನದ ಧೈರ್ಯವೂ ಬೇಕು. ಕಿಕ್ಕಿರಿದ ಆಸ್ಪತ್ರೆಯಲ್ಲಿ ಅದನ್ನು ನೀಡಲು ಯಾರಿಗೂ ಹೊತ್ತಿಲ್ಲ.

ಆ ಹೊತ್ತು ನಿವೃತ್ತ ವೈದ್ಯರಲ್ಲಿದೆ. ಅವರು ಸಂಭಾವನೆ ಬಯಸದೆ ರೋಗಿಯ ಮಗ್ಗುಲಲ್ಲಿ ಕುಳಿತು, ಇನ್ಸುಲಿನ್ ಚುಚ್ಚಿಕೊಳ್ಳುವ ಬಗೆಯನ್ನು ಮತ್ತೊಮ್ಮೆ ತೋರಿಸಿ, ಪಾದದ ಹುಣ್ಣನ್ನು ನೋಡಿ, ಅಳಲನ್ನು ಕಡೆಯವರೆಗೂ ಆಲಿಸಿದರೆ, ಮದ್ದು ಮುಟ್ಟಲಾರದ ಏಕಾಕಿತನ ಕರಗುತ್ತದೆ. ರೋಗವನ್ನು ಗೆದ್ದ ಕೀರ್ತಿ ಅವರಿಗೆ ಬಾರದು. ಫಲವನ್ನು ಬಿಟ್ಟುಕೊಟ್ಟು ಕೈಯನ್ನು ಬಿಡದಿರುವುದೇ ನಿಷ್ಕಾಮಕರ್ಮವಲ್ಲವೆ?

ಮಹಾನವಮಿಯಂದು ಪೂಜೆಗಿಟ್ಟ ಆಯುಧವನ್ನು ಮರುದಿನ ಕೈಗೆತ್ತಿಕೊಳ್ಳುತ್ತೇವೆ. ಕೆಳಗಿಟ್ಟ ಸ್ಟೆತಾಸ್ಕೋಪು ಪರರಿಗಾಗಿ ಮರಳಿ ಕೊರಳೇರಿದ ದಿನವೇ ಆ ವೈದ್ಯರ ವಿಜಯದಶಮಿ.