ಬಿಂಬವೂ ವಿಕಾರವೂ

ಬೇಸಗೆಯಲ್ಲಿ ಕಪಿಲೆಯ ಹಿನ್ನೀರು ತಗ್ಗಿದಾಗ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಒಣಗಿ ಕಪ್ಪಾದ ಮರದ ಬೊಡ್ಡೆಗಳು ನೀರಿನಿಂದ ಮೇಲೆದ್ದು ಕಾಣುವುವು. 1971ರಲ್ಲಿ ಕಡೆಯ ಖೆಡ್ಡಾ ಕಂಡ ಕಾಕನಕೋಟೆಯ ಕಾಡಿನ ತಗ್ಗುಭಾಗವು, 1974ರಲ್ಲಿ ಪೂರ್ಣವಾದ ಬೀಚನಹಳ್ಳಿಯ ಅಣೆಕಟ್ಟಿನಿಂದ ಮುಳುಗಿತು. ಆ ಬೊಡ್ಡೆಗಳು ಅದರ ಅಸ್ಥಿಗಳು. ಅವುಗಳ ಛಾಯಾಚಿತ್ರವನ್ನು ತೆಗೆಯದೆ ಹಿಂದಿರುಗುವ ಯಾತ್ರಿಕರು ವಿರಳ.

ತರುಣನೊಬ್ಬನು ಅಂಥ ಚಿತ್ರವೊಂದನ್ನು ಮನೆಗೆ ತಂದು ಗಣಕಯಂತ್ರದಲ್ಲಿ ಮಾರ್ಪಡಿಸುವನೆಂದಿಟ್ಟುಕೊಳ್ಳೋಣ. ಇದಕ್ಕೆ ಬೇಕಾದ ಸಲಕರಣೆ ಈಗ ಸುಲಭ. 1987ರಲ್ಲಿ ಅಮೆರಿಕದ ವಿದ್ಯಾರ್ಥಿಯಾಗಿದ್ದ ತಾಮಸ್ ನೋಲ್ ಎಂಬಾತನು ಬರೆಯತೊಡಗಿದ ಕ್ರಮವಿಧಿಯು, ಸೋದರ ಜಾನನ ನೆರವಿನಿಂದ ಬೆಳೆದು, 1990ರಲ್ಲಿ ಫೋಟೋಶಾಪ್ ಎಂಬ ಹೆಸರಿನಿಂದ ಹೊರಬಂದಿತು. ಅದರ ಕಣ್ಣಿಗೆ ಚಿತ್ರವೆಂಬುದು ಬರಿಯ ಸಂಖ್ಯೆ. ಸಾಮಾನ್ಯವಾಗಿ ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸುರು, ನೀಲಿಗಳಿಗೆ 0ಯಿಂದ 255ರವರೆಗಿನ ಒಂದೊಂದು ಅಂಕಿ. ತರುಣನು ಮೋಷನ್ ಬ್ಲರ್ ಎಂಬುದನ್ನು ಮೇಲುಕೆಳಗಾಗಿ ಹಚ್ಚಿದನೆಂದರೆ, ಪ್ರತಿಯೊಂದು ಬಿಂದುವೂ ತನ್ನ ಮೇಲಿನ ಮತ್ತು ಕೆಳಗಿನ ಬಿಂದುಗಳ ಸರಾಸರಿಯಾಗುವುದು. ನೆಟ್ಟಗೆ ನಿಂತ ಬೊಡ್ಡೆಯು ಗೆರೆಯಾಗಿ ಉಳಿಯುವುದು. ಕೊಂಬೆ, ನೀರಿನ ಅಂಚು, ಕೊಕ್ಕರೆ, ಎಲ್ಲವೂ ಕರಗುವುವು. ಬಳಿಕ ಒಂದೊಂದು ಬಣ್ಣದ 256 ಮೆಟ್ಟಿಲುಗಳನ್ನು ನಾಲ್ಕಕ್ಕೆ ಇಳಿಸಿದರೆ ಚಿತ್ರದಲ್ಲಿ ಹೆಚ್ಚೆಂದರೆ 64 ವರ್ಣಗಳು ಉಳಿಯುವುವು. ಕಾಡು ಹೋಯಿತು, ಪಟ್ಟೆಗಳು ಬಂದುವು. ನೋಡಲು ಸೊಗಸೇ ಸರಿ.

ಇದು ಸುಳ್ಳೇ? ಕುದುರೆಯ ಚಿತ್ರವನ್ನು ಕಂಡವನಿಗೆ ಆಗುವ ಜ್ಞಾನವು ಯಥಾರ್ಥವೂ ಅಲ್ಲ, ಭ್ರಮೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲವೆಂದು ರಸವಿಚಾರದಲ್ಲಿ ಶ್ರೀಶಂಕುಕನು ಹೇಳಿದನು. ಚಿತ್ರತುರಗನ್ಯಾಯವೆಂದು ಪ್ರಸಿದ್ಧವಾದ ಈ ಮಾತು ತರುಣನ ಪಟ್ಟೆಗಳಿಗೂ ಸಲ್ಲುವುದು. 'ಹೀಗಿತ್ತು' ಎಂದು ಸಾಕ್ಷಿ ನುಡಿಯದ ಚಿತ್ರಕ್ಕೆ ಸುಳ್ಳಿನ ದೋಷ ಅಂಟದು. ದೋಷವಿರುವುದು ಅರ್ಧ ಮಾರ್ಪಾಟಿನಲ್ಲಿ. ಬೊಡ್ಡೆಯ ಮೇಲೆ ಇಲ್ಲದ ಚಿರತೆಯನ್ನು ಕೂರಿಸಿ, ಅಥವಾ ಅಡ್ಡ ಬಂದ ಜೀಪನ್ನು ಅಳಿಸಿ, ಕಬಿನಿಯಲ್ಲಿ ಕಂಡದ್ದೆಂದು ತೋರಿಸುವವನು ವಂಚಕ. ವನ್ಯಜೀವಿಗಳ ಛಾಯಾಚಿತ್ರಸ್ಪರ್ಧೆಗಳು ಇಂಥ ಕೂಡಿಸುವಿಕೆಯನ್ನೂ ಕಳೆಯುವಿಕೆಯನ್ನೂ ನಿಷೇಧಿಸಿರುವುದು ನ್ಯಾಯವೇ.

ಯಂತ್ರವೇ ಎಲ್ಲವನ್ನೂ ಮಾಡಿರಲು ತರುಣನದೇನೆಂದು ಕೆಲವರು ಕೇಳುವರು. ವ್ಯಾಕರಣದಲ್ಲಿ ಕ್ರಿಯೆಗೆ ಹೆಚ್ಚು ಸಾಧಕವಾದುದು ಕರಣ, ಸ್ವತಂತ್ರನಾದವನು ಕರ್ತೃ. ಕೊಡಲಿ ಎಷ್ಟು ಹರಿತವಾದರೂ ಕಡಿದವನ ಹೆಸರು ಅದಕ್ಕೆ ಬಾರದು. ಹತ್ತು ರೂಪಗಳನ್ನು ಮಾಡಿ ಒಂಬತ್ತನ್ನು ಎಸೆದವನು ತರುಣ, ಅವನೇ ಕರ್ತೃ. ಗುಂಡಿಯೊತ್ತಿ ಬಂದುದನ್ನೆಲ್ಲ ಒಪ್ಪಿದವನಿಗೆ ಆ ಪದವಿ ಸಲ್ಲುವುದು ಸಂಶಯ.

ಆದರೆ ಕರ್ತೃವಾದವನಿಗೆ ಹೊಣೆಯೂ ಉಂಟು. ಅಣೆಕಟ್ಟಿಗಾಗಿ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳೂ ನೆಲೆ ಬಿಟ್ಟವು. ಅಮೂರ್ತವಾದ ಪಟ್ಟೆಗಳು ನೋಡುವವನ ಕಣ್ಣನ್ನು ಆ ಕಾಡಿನಿಂದಲೂ ಆ ಹಾಡಿಗಳಿಂದಲೂ ಬಿಡಿಸಿಬಿಡುವುವು; ಅವುಗಳ ಸೊಗಸೂ ಬಹುಮಟ್ಟಿಗೆ ಆ ಬಿಡುಗಡೆಯದೇ. ಕಲೆಗೆ ಈ ಸ್ವಾತಂತ್ರ್ಯವಿಲ್ಲವೆನ್ನಲಾಗದು. ರಾಗಕ್ಕೆ ಊರಿಲ್ಲ, ರಂಗವಲ್ಲಿಗೆ ಕಥೆ ಬೇಕಿಲ್ಲ. ಆದರೂ ರಂಗವಲ್ಲಿಯ ಪುಡಿ ಯಾರ ಚಿತೆಯ ಬೂದಿಯೂ ಅಲ್ಲ. ಇಲ್ಲಿಯಾದರೋ ಗೆರೆಯಾದದ್ದು ಒಂದು ಕಾಡಿನ ಶವ. ಅಷ್ಟರಿಂದ ಚಿತ್ರವನ್ನು ಮಾಡಕೂಡದೆಂದಾಗದು. ಆದರೆ ಚಿತ್ರದ ಕೆಳಗೆ 'ಅಮೂರ್ತ, 3' ಎಂದು ಬರೆದು ಕೈತೊಳೆದುಕೊಳ್ಳುವುದಕ್ಕಿಂತ 'ಕಾಕನಕೋಟೆಯ ಹಿನ್ನೀರು' ಎಂದು ಬರೆಯುವುದು ಋಣವನ್ನು ಒಪ್ಪಿದಂತೆ. ಮೂಲಪ್ರತಿಯನ್ನು ಅಳಿಸದೆ ಇಡುವುದೂ ಅಂಥದೇ.

ಎರಡನ್ನೂ ಆ ಹಾಡಿಯ ಮುದುಕನೊಬ್ಬನ ಮುಂದಿಟ್ಟರೆ, ಮೂಲದಲ್ಲಿ ಅವನು ಬೊಡ್ಡೆಯನ್ನು ಕಂಡು ಮತ್ತಿಯೆಂದೋ ತೇಗವೆಂದೋ ಹೇಳಿಯಾನು, ತನ್ನ ಗುಡಿಸಿಲು ಅದರ ಯಾವ ಬದಿಗಿತ್ತೆಂದೂ ತೋರಿಸಿಯಾನು. ಪಟ್ಟೆಗಳನ್ನು ಕಂಡು ಚೆನ್ನಾಗಿದೆಯೆಂದಾನು.