ಧೈರ್ಯ ಯಾರಿಗಾಗಿ?

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಅದೇ ಎಂದು ಎರಡು ದಿನದ ಮೇಲೆ ಗೊತ್ತಾಯಿತು. ಅವರನ್ನು ನೋಡಿದ್ದ ವೈದ್ಯರೊಬ್ಬರಿಗೂ ಸೋಂಕು ತಗಲಿತು. ಊರಿನ ಜಗತ್ ವೃತ್ತ ಬಿಕೋ ಎಂದಿತು; ಊರಾಚೆ ಕಮಲಾಪುರದ ಕಡೆಗೆ ಹೋದರೂ ಅದೇ ಅಂಜಿಕೆ. ಆ ಸಲದ ಶುಭ ಶುಕ್ರವಾರ, ಏಪ್ರಿಲ್ 10, ಲಾಕ್‌ಡೌನಿನೊಳಗೇ ಬಂತು. ಚರ್ಚಿನ ಬಾಗಿಲು ಮುಚ್ಚಿತ್ತು. ನಂಬಿಕೆಯುಳ್ಳವರು ಅಂಜಬಹುದೇ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲೇ ಎದುರಿಸಬೇಕಾಯಿತು.

ಅಂಜಬಾರದು ಎನ್ನುವವರ ವಾದ ಇಷ್ಟೇ: ದೇವರಿದ್ದಾನೆ, ನಮಗೇನೂ ಆಗುವುದಿಲ್ಲ. ಇದನ್ನು ಧೈರ್ಯವೆಂದು ನಾನು ಒಪ್ಪಲಾರೆ. ಏನೂ ಆಗುವುದಿಲ್ಲವೆಂಬ ಖಾತ್ರಿ ಇದ್ದವನಿಗೆ ಧೈರ್ಯ ಯಾಕೆ ಬೇಕು? ಸುವಾರ್ತೆಯಲ್ಲಿ ಈ ಮಾತು ಬರುವುದು ಸೈತಾನನ ಬಾಯಲ್ಲಿ. ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎನ್ನುತ್ತಾನೆ ಅವನು. ಅದಕ್ಕೆ ಕೀರ್ತನೆಯ ಆಧಾರವನ್ನೂ ಕೊಡುತ್ತಾನೆ. ಯೇಸು ಧುಮುಕಲಿಲ್ಲ. ಅದೇ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದನು. ಜನರ ಕಣ್ಣಿಗೆ ಎರಡೂ ಅಪಾಯವೇ. ಆದರೆ ಧುಮುಕಿದ್ದರೆ ತನ್ನ ನಂಬಿಕೆ ಎಷ್ಟು ದೊಡ್ಡದೆಂದು ತೋರಿಸಿದಂತೆ ಆಗುತ್ತಿತ್ತು, ಅಷ್ಟೆ. ಮುಟ್ಟುವಾಗ ಎದುರಿಗೆ ಒಬ್ಬ ಮನುಷ್ಯನಿದ್ದ. ಕ್ರೈಸ್ತ ಧೈರ್ಯವನ್ನು ಅಳೆಯುವಾಗ ನಾನು ಮೊದಲು ಕೇಳುವುದು ಇದನ್ನೇ: ಎದುರಿಗೆ ಯಾರಿದ್ದಾರೆ?

1527ರಲ್ಲಿ ವಿಟ್ಟೆನ್‌ಬರ್ಗಿಗೆ ಪ್ಲೇಗು ಬಂದಾಗ ಅಲ್ಲಿನ ವಿಶ್ವವಿದ್ಯಾಲಯ ಬೇರೆ ಊರಿಗೆ ಹೋಯಿತು. ಮಾರ್ಟಿನ್ ಲೂಥರ್ ಹೋಗಲಿಲ್ಲ. ಗರ್ಭಿಣಿಯಾಗಿದ್ದ ಪತ್ನಿ ಕ್ಯಾಥರೀನಾ ಜೊತೆಗಿದ್ದರು; ಮನೆಯೊಳಗೇ ರೋಗಿಗಳ ಆರೈಕೆ ನಡೆಯಿತು. ಪ್ಲೇಗಿಗೆ ಅಂಜಿ ಊರು ಬಿಡಬಹುದೇ ಎಂದು ಬ್ರೆಸ್ಲಾವಿನ ಪಾದ್ರಿಗಳು ಕೇಳಿದ್ದಕ್ಕೆ ಲೂಥರ್ ಕೊಟ್ಟ ಉತ್ತರ ಬಹಳ ವಿವೇಕದ್ದು. ಜೀವ ಉಳಿಸಿಕೊಳ್ಳುವುದು ಪಾಪವಲ್ಲ. ಔಷಧ ತೆಗೆದುಕೊಳ್ಳಿ, ಮನೆಗೆ ಹೊಗೆ ಹಾಕಿ, ಕೆಲಸವಿಲ್ಲದ ಕಡೆ ಸುಳಿಯಬೇಡಿ. ನೆರೆಯವರಿಗೆ ನೀವು ಬೇಕಾದಾಗ ಮಾತ್ರ ಹಿಂಜರಿಯಬೇಡಿ. ಮಾಸ್ಕ್ ಹಾಕಿಕೊಳ್ಳುವುದು ಅವಿಶ್ವಾಸವೆಂದು ನಮ್ಮ ಕಾಲದಲ್ಲಿ ವಾದಿಸಿದವರಿಗೆ ಐದು ಶತಮಾನದ ಹಿಂದೆಯೇ ಇದ್ದ ಉತ್ತರವಿದು.

ನಮ್ಮ ನಾಡಿನಲ್ಲೇ ಮಂಗಳೂರಿನ ಕಂಕನಾಡಿಯನ್ನು ನೋಡಿ. ಜರ್ಮನಿಯ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು, ಮುಂದೆ ಪ್ಲೇಗಿನವರಿಗೂ ಆಸ್ಪತ್ರೆ ಮಾಡಿದರು. ಒಬ್ಬನ ಎದೆಗಾರಿಕೆ ದಣಿಯುತ್ತದೆ, ಒಂದು ದಿನ ಸಾಯುತ್ತದೆ. ಗೋಡೆ, ಹಾಸಿಗೆ, ಔಷಧದ ಸೀಸೆ, ಸರದಿಯ ಮೇಲೆ ಕಾಯುವ ಜನ, ಇಷ್ಟಿದ್ದರೆ ಅದು ಸಾವಿನಾಚೆಗೂ ನಡೆಯುತ್ತದೆ. 1910ರಲ್ಲಿ ಮುಲ್ಲರ್ ತೀರಿಕೊಂಡರು. ಆಸ್ಪತ್ರೆ ಇಂದಿಗೂ ನಡೆಯುತ್ತಿದೆ.

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದು. ಕೋವಿಡ್‌ನ ದಿನಗಳಲ್ಲಿ ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರು, ಬೀದಿ ಗುಡಿಸಿದ ಪೌರಕಾರ್ಮಿಕರು ಎಲ್ಲ ಮತದವರು. ಧೈರ್ಯಕ್ಕೆ ಕ್ರಿಸ್ತನೇ ಬೇಕೆಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಹಾಗಾದರೆ ಈ ನಂಬಿಕೆ ಹೆಚ್ಚಿಗೆ ಕೊಡುವುದೇನು? ನನಗೆ ಕಾಣುವುದು: ಅಂಜಿಕೆಯನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಜಾಗ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಕಳವಳಗೊಂಡನು, ಬೆವರಿದನು, ಬರಲಿರುವ ಸಾವು ತಪ್ಪಲಿ ಎಂದು ಬೇಡಿದನು. ಬೇಡಿಕೆ ಈಡೇರಲಿಲ್ಲ. ಆದರೂ ಎದ್ದು ಹೋದನು. ದೇವಕುಮಾರನೇ ಅಂಜಿದ ಮೇಲೆ ಅಂಜುವವನನ್ನು ಅಲ್ಪವಿಶ್ವಾಸಿ ಎನ್ನಲು ಯಾರಿಗೆ ಅಧಿಕಾರವಿದೆ? ಗೆಲುವಿನ ಖಾತ್ರಿಯ ಮೇಲೆ ಕಟ್ಟಿದ ಧೈರ್ಯ ಮೊದಲ ಶವಪೆಟ್ಟಿಗೆಯ ಮುಂದೆ ಮುರಿಯುತ್ತದೆ. ಪ್ಲೇಗಿನ ಆ ಚಳಿಗಾಲದಲ್ಲಿ ಲೂಥರ್ ದಂಪತಿಗೆ ಹುಟ್ಟಿದ ಮಗಳು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಅವರ ನಂಬಿಕೆ ಅದನ್ನೂ ದಾಟಬೇಕಾಯಿತು.

ಇನ್ನು ಧೈರ್ಯ ಸಾಲದೆ ಹೋದವರು. ಸ್ವಂತದವರ ಮಣ್ಣಿಗೂ ಹೋಗಲಾರದೆ ಬಾಗಿಲು ಹಾಕಿಕೊಂಡು ಕೂತವರು ನಮ್ಮ ನಡುವೆ ಎಷ್ಟೋ ಜನ. ಆ ಸಂಕಟವನ್ನು ಈಗಲೂ ಹೊತ್ತಿದ್ದಾರೆ. ಯೇಸುವಿನ ಶಿಷ್ಯ ಪೇತ್ರನೂ ಬೆಂಕಿ ಕಾಯಿಸುತ್ತ ನಿಂತು, ಆತನನ್ನು ಅರಿಯೆನೆಂದು ಮೂರು ಸಲ ಹೇಳಿದ್ದ. ಯೇಸು ಅವನನ್ನು ಹುಡುಕಿ ಬಂದು, ಸರೋವರದ ದಡದಲ್ಲಿ ಊಟ ಹಾಕಿ, ತನ್ನ ಕುರಿಗಳನ್ನು ಅವನ ಕೈಗೇ ಒಪ್ಪಿಸಿದನು. ಆ ಊಟಕ್ಕೆ ನಮ್ಮೂರಿನ ಇವರೂ ಕರೆಯಲ್ಪಟ್ಟವರೇ ಎಂದು ನಾನು ನಂಬುತ್ತೇನೆ.